ಮಾತಾಡಿಕೊಂಡು ಓಡುವ ಓಟ



ಇವತ್ತಿನ ನನ್ನ ಮಾತು ಇದುವರೆಗೆ ಒಮ್ಮೆಯೂ ಮ್ಯಾರಥಾನ್ ಓಡದವರಿಗೆ. ಓಡಬೇಕು ಅನ್ನುವ ಆಸೆ ಹುಟ್ಟಿದೆ, ಇನ್ನೂ ಯಾರಿಗೂ ಹೇಳಿಲ್ಲ, ಅಂಥವರಿಗೆ. ಹೇಳಿದ್ದಕ್ಕೆ ಮನೆಯವರಿಂದ "ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಯಾಕೆ" ಅನ್ನಿಸಿಕೊಂಡವರಿಗೆ. ರೇಡಿಯೋದ ಹತ್ತಿರ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ಮ್ಯಾರಥಾನ್ ಅಂದರೆ 42 ಕಿಲೋಮೀಟರ್, ಮೇಲೆ ಸುಮಾರು 200 ಮೀಟರ್. ಮೈಸೂರಿನಿಂದ ಹೊರಟು ಮಂಡ್ಯದ ಹತ್ತಿರ ಹತ್ತಿರಕ್ಕೆ ಬಂದಂತೆ. ಬಸ್ಸಿನಲ್ಲಿ ಕೂತವರಿಗೇ ಒಂದು ತೂಕಡಿಕೆ ಆಗುವಷ್ಟು ದೂರ. ಸಾಮಾನ್ಯ ಮನುಷ್ಯರು ಇಷ್ಟು ದೂರ ಓಡಬಹುದೇ? ಓಡಬಹುದು. ಬ್ಯಾಂಕಿನವರು ಓಡುತ್ತಾರೆ, ಮೇಷ್ಟ್ರುಗಳು ಓಡುತ್ತಾರೆ, ಮೊಮ್ಮಕ್ಕಳನ್ನು ಕಂಡವರು ಓಡುತ್ತಾರೆ. ಅವರಲ್ಲಿ ಬಹುಪಾಲು ಜನ ಶಾಲೆಯ ಓಟದ ಪಂದ್ಯದಲ್ಲಿ ಬಹುಮಾನ ತಂದವರಲ್ಲ. ಅವರು ಕಲಿತದ್ದು ಒಂದು ವಿದ್ಯೆ. ನಿಧಾನವಾಗಿ ಓಡುವ ವಿದ್ಯೆ. ನನ್ನ ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಸ್ವಲ್ಪ ಇತಿಹಾಸ. 1896ನೇ ಇಸವಿಯ ಏಪ್ರಿಲ್ ತಿಂಗಳು. ಗ್ರೀಸ್ ದೇಶದ ಅಥೆನ್ಸ್ ನಗರ. ಆಧುನಿಕ ಕಾಲದ ಮೊದಲ ಒಲಿಂಪಿಕ್ಸ್ ಅಲ್ಲಿ ನಡೆಯುತ್ತಿದೆ. ಮ್ಯಾರಥಾನ್ ಅನ್ನುವ ಊರಿನಿಂದ ಅಥೆನ್ಸಿನ ಕ್ರೀಡಾಂಗಣದವರೆಗೆ ಒಂದು ಓಟ ಇಟ್ಟಿದ್ದಾರೆ. ಆಗ ಅದರ ದೂರ ಸುಮಾರು 40 ಕಿಲೋಮೀಟರ್. ಈಗಿನ 42 ಚಿಲ್ಲರೆ ಕಿಲೋಮೀಟರ್ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಅದೇ ಅಳತೆ ಕಾಯಂ ಆದದ್ದು 1921ರಲ್ಲಿ.

ಅಥೆನ್ಸಿನ ಆ ಓಟಕ್ಕೆ ಇಪ್ಪತ್ತರ ಒಳಗೆ ಜನ ನಿಂತಿದ್ದರು. ಅವರಲ್ಲಿ ಮೂವರ ಮೇಲೆ ಎಲ್ಲರ ಕಣ್ಣು. ಆಸ್ಟ್ರೇಲಿಯಾದ ಎಡ್ವಿನ್ ಫ್ಲ್ಯಾಕ್, ಅಮೆರಿಕದ ಆರ್ಥರ್ ಬ್ಲೇಕ್, ಫ್ರಾನ್ಸಿನ ಲೆರ್ಮುಸಿಯೊ. ಅದೇ ಒಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ಮೊದಲ ಮೂರು ಸ್ಥಾನ ಪಡೆದವರು ಇವರೇ. ಹೊರಟ ಕೂಡಲೇ ಇವರು ಮುಂದೆ ಹೋದರು. ಲೆರ್ಮುಸಿಯೊ ಅಂತೂ ಎಲ್ಲರನ್ನೂ ಬಹಳ ಹಿಂದೆ ಬಿಟ್ಟ. ಹಿಂದೆ ಉಳಿದವರಲ್ಲಿ ಸ್ಪಿರಿಡಾನ್ ಲೂಯಿಸ್ ಅನ್ನುವ ಒಬ್ಬ ಗ್ರೀಕ್ ಹುಡುಗ ಇದ್ದ. ಅಥೆನ್ಸಿನ ಪಕ್ಕದ ಮರೂಸಿ ಎಂಬ ಊರಿನವನು. ಊರಿನಿಂದ ನಗರಕ್ಕೆ ನೀರು ಹೊತ್ತು ಮಾರುವುದು ಅವನ ಕಸುಬು.

ಆಮೇಲೆ ಆದದ್ದು ಕೇಳಿ. ಬ್ಲೇಕ್ ಅರ್ಧ ದಾರಿ ಕಳೆದ ಮೇಲೆ ಓಟ ಬಿಟ್ಟ. ಲೆರ್ಮುಸಿಯೊ ಸುಮಾರು 32 ಕಿಲೋಮೀಟರ್ ಹತ್ತಿರ ಬಿಟ್ಟ. ಮುಂದಕ್ಕೆ ಬಂದ ಫ್ಲ್ಯಾಕ್ ಕೊನೆಯ ಕೆಲವೇ ಕಿಲೋಮೀಟರ್ ಬಾಕಿ ಇರುವಾಗ ಕುಸಿದ. ಮೂವರು ವೇಗಿಗಳಲ್ಲಿ ಒಬ್ಬರೂ ಗುರಿ ಮುಟ್ಟಲಿಲ್ಲ. ನೀರು ಹೊರುವ ಹುಡುಗ ಓಟ ಶುರುವಾಗಿ ಮೂರು ಗಂಟೆ ಆಗಲು ಒಂದು ನಿಮಿಷ ಬಾಕಿ ಇರುವಾಗ ಮೊದಲಿಗನಾಗಿ ಕ್ರೀಡಾಂಗಣಕ್ಕೆ ಬಂದ.

ಸುಮಾರು ನೂರ ಮೂವತ್ತು ವರ್ಷ ಕಳೆದರೂ ಮೊದಲ ಸಲ ಓಡುವವರು ಕೈಬಿಡುವುದು ಇವತ್ತಿಗೂ ಅದೇ ಜಾಗದಲ್ಲಿ. 30 ಕಿಲೋಮೀಟರ್ ದಾಟಿದ ಮೇಲೆ. ಓಟಗಾರರು ಅದನ್ನು 'ಗೋಡೆ' ಅನ್ನುತ್ತಾರೆ. ಅಲ್ಲಿಯವರೆಗೆ ಚೆನ್ನಾಗಿ ಬಂದ ಕಾಲು ಇದ್ದಕ್ಕಿದ್ದಂತೆ ಮಾತು ಕೇಳುವುದಿಲ್ಲ. ತಲೆ ಮಂಕಾಗುತ್ತದೆ. ಸುಮ್ಮನೆ ಅಳು ಬರುತ್ತದೆ. ಯಾಕೆ ಹೀಗಾಗುತ್ತದೆ?

ನಮ್ಮ ಮೈಯಲ್ಲಿ ಎರಡು ಬಗೆಯ ಉರುವಲು ಇದೆ. ಒಂದು, ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯಿಂದ ಬಂದ ಸಕ್ಕರೆ. ಇದು ಗ್ಲೈಕೋಜೆನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿರುತ್ತದೆ. ಒಟ್ಟು ಸುಮಾರು ಅರ್ಧ ಕಿಲೋ, ಅಷ್ಟೇ. ಇನ್ನೊಂದು ಕೊಬ್ಬು. ಎಷ್ಟೇ ಸಣಕಲು ಮನುಷ್ಯರಾದರೂ ಅವರ ಮೈಯಲ್ಲಿ ಹಲವು ಕಿಲೋ ಕೊಬ್ಬು ಇದ್ದೇ ಇರುತ್ತದೆ. ಹಳ್ಳಿಮನೆಯ ಬಚ್ಚಲೊಲೆ ನೆನೆಸಿಕೊಳ್ಳಿ. ಒಣಗಿದ ತೆಂಗಿನ ಗರಿ ಭಗ್ಗನೆ ಹತ್ತಿ ಉರಿದು ಮುಗಿದುಹೋಗುತ್ತದೆ. ಹುಣಸೆ ಕೊರಡು ಹತ್ತುವುದು ತಡ, ಆದರೆ ಹಂಡೆಯ ನೀರೆಲ್ಲ ಕಾಯುವವರೆಗೂ ಉರಿಯುತ್ತದೆ. ಸಕ್ಕರೆ ಆ ಗರಿ. ಕೊಬ್ಬು ಆ ಕೊರಡು.

ಲೆಕ್ಕ ಹಾಕೋಣ. 60 ಕಿಲೋ ತೂಕದವರು ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕ್ಯಾಲೊರಿ ಖರ್ಚು. ಇಡೀ ಮ್ಯಾರಥಾನಿಗೆ ಸುಮಾರು 2500. ಕೂಡಿಟ್ಟ ಸಕ್ಕರೆಯಿಂದ ಸಿಗುವುದು ಹೆಚ್ಚೆಂದರೆ 2000. ಉಳಿದದ್ದು ಕೊಬ್ಬಿನಿಂದ ಬರಬೇಕು. ಕೊಬ್ಬು ಉರಿಯಬೇಕಾದರೆ ಹೆಚ್ಚು ಆಮ್ಲಜನಕ ಬೇಕು, ಹೊತ್ತು ಬೇಕು. ಏದುಸಿರು ಬಿಡುತ್ತ ಓಡುವಾಗ ಮೈ ಸಕ್ಕರೆಗೇ ಕೈ ಹಾಕುತ್ತದೆ. ನಿಧಾನವಾಗಿ ಓಡುವಾಗ ಕೊಬ್ಬನ್ನೂ ಸೇರಿಸಿಕೊಂಡು ಸಕ್ಕರೆಯನ್ನು ಉಳಿಸುತ್ತದೆ. ತಿಂಗಳುಗಟ್ಟಲೆ ಹೀಗೆ ಓಡಿದರೆ ಸ್ನಾಯುಗಳಲ್ಲಿ ಹೊಸ ಹೊಸ ಸಣ್ಣ ರಕ್ತನಾಳಗಳು ಮೂಡುತ್ತವೆ. ಕೊಬ್ಬನ್ನು ಉರಿಸುವ ಶಕ್ತಿ ಬೆಳೆಯುತ್ತದೆ. ಮ್ಯಾರಥಾನ್ ತಯಾರಿ ಅಂದರೆ ಬಹುಪಾಲು ಇದೇ ಕೆಲಸ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ವೇಗವಾಗಿ ಹೊರಟವರು 30 ಕಿಲೋಮೀಟರ್ ಆದ ಮೇಲೆ ನಿಂತುಹೋಗುತ್ತಾರೆ, ಅದಕ್ಕೆ ಕಾರಣ ಉರುವಲು ಮುಗಿಯುವುದು. ಹಾಗಾದರೆ ನಿಧಾನ ಅಂದರೆ ಎಷ್ಟು ನಿಧಾನ?

ಇದಕ್ಕೆ ಗಡಿಯಾರ ಬೇಡ. ಕಿವಿ ಸಾಕು. ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಿ ಒಂದು ಕಡೆ ನಿಂತುಕೊಳ್ಳಿ. ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ದೂರದಿಂದ ಮೊದಲು ಕೇಳುವುದು ಶೂಗಳ ಸಪ್ಪಳ, ಅದರ ಹಿಂದೆಯೇ ಮಾತು. ಅಂಥ ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ನನ್ನನ್ನು ಹಾದುಹೋದರು. ಒಬ್ಬರು ಐವತ್ತರ ಆಸುಪಾಸು, ಇನ್ನೊಬ್ಬರು ಅವರಿಗಿಂತ ಚಿಕ್ಕವರು. "ಅಕ್ಕ, ನಿನ್ನೆ ರಾತ್ರಿ ಅಕ್ಕಿ ನೆನೆಹಾಕೋದೇ ಮರೆತುಬಿಟ್ಟೆ ನೋಡಿ, ಇವತ್ತು ಮನೇಲಿ ಎಲ್ಲರಿಗೂ ಉಪ್ಪಿಟ್ಟೇ ಗತಿ" ಅಂತ ಚಿಕ್ಕವರು ಹೇಳುತ್ತಿದ್ದರು. ವಾಕ್ಯ ಪೂರ್ತಿಯಾಗಿ, ಒಂದೇ ಉಸಿರಿನಲ್ಲಿ ಬಂತು. ಅಕ್ಕ ನಕ್ಕರು. ನಗುವುದಕ್ಕೂ ಅವರಲ್ಲಿ ಉಸಿರಿತ್ತು. ಅಷ್ಟರಲ್ಲಿ ದಾರಿ ಸ್ವಲ್ಪ ಏರಿತು. ಮಾತು ತುಂಡಾಯಿತು. "ಹೂಂ... ಆಮೇಲೆ... ಹೇಳ್ತೀನಿ." ಅಕ್ಕ ಕೂಡಲೇ ಹೆಜ್ಜೆ ಸಣ್ಣದು ಮಾಡಿದರು. "ನಿಧಾನ ಕಣೇ, ನಿಧಾನ" ಅಂದರು. ಹತ್ತಿಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಉಪ್ಪಿಟ್ಟಿನ ಮಾತು ಮತ್ತೆ ಶುರುವಾಯಿತು.

ನಿಮಗೆ ಬೇಕಾದ ವೇಗ ಅದು. ಪೂರ್ತಿ ವಾಕ್ಯ ಆಡಲು ಬಂದರೆ ಸರಿ. ಮಾತು ತುಂಡಾದರೆ ವೇಗ ಹೆಚ್ಚಾಯಿತು. ಒಬ್ಬರೇ ಓಡುತ್ತಿದ್ದೀರಾ? ಒಂದು ಶ್ಲೋಕವನ್ನೋ ಮಗ್ಗಿಯನ್ನೋ ಬಾಯಿಬಿಟ್ಟು ಹೇಳಿ ನೋಡಿ. ಈ ವೇಗ ಮೊದಮೊದಲು ನಡಿಗೆಗಿಂತ ಸ್ವಲ್ಪವೇ ಹೆಚ್ಚಿರಬಹುದು. ಪಕ್ಕದಲ್ಲಿ ಹುಡುಗರು ಸರಸರ ದಾಟಿಹೋಗುತ್ತಾರೆ. ಹೋಗಲಿ ಬಿಡಿ.

ಇದು ದುರ್ಬಲರಿಗೆ ಹೇಳುವ ಸಮಾಧಾನದ ಮಾತಲ್ಲ. ಜಗತ್ತಿನ ದೊಡ್ಡ ಓಟಗಾರರು ಬೆಳೆದದ್ದೂ ಹೀಗೆಯೇ. ನ್ಯೂಜಿಲೆಂಡ್ ದೇಶದಲ್ಲಿ ಆರ್ಥರ್ ಲಿಡಿಯಾರ್ಡ್ ಅನ್ನುವವರು ಇದ್ದರು. ಶೂ ಕಾರ್ಖಾನೆಯಲ್ಲಿ ಕೆಲಸ. ಯಾವ ವಿಶ್ವವಿದ್ಯಾಲಯವೂ ಅವರಿಗೆ ಓಟದ ಪಾಠ ಹೇಳಿಕೊಟ್ಟಿರಲಿಲ್ಲ. ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿ, ವರ್ಷಗಟ್ಟಲೆ ಓಡಿ ನೋಡಿ ಒಂದು ಪದ್ಧತಿ ಕಂಡುಕೊಂಡರು. ಮೊದಲು ಹಲವು ವಾರ ದೂರ ದೂರ ಓಡಬೇಕು, ಏದುಸಿರು ಬರದಂತೆ ಓಡಬೇಕು. ವೇಗದ ಅಭ್ಯಾಸ ಆಮೇಲೆ. ತಮ್ಮ ಸುತ್ತಲಿನ ಹುಡುಗರನ್ನು ಕಟ್ಟಿಕೊಂಡು ಪ್ರತಿ ಭಾನುವಾರ ಗುಡ್ಡಗಾಡಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಓಡುತ್ತಿದ್ದರು. ಆ ಹುಡುಗರಲ್ಲಿ ಪೀಟರ್ ಸ್ನೆಲ್ ಒಬ್ಬ. ಅವನ ಮುಖ್ಯ ಪಂದ್ಯ ಬರೀ 800 ಮೀಟರ್. ಅವನಿಗೂ ಭಾನುವಾರದ 35 ಕಿಲೋಮೀಟರ್ ತಪ್ಪುತ್ತಿರಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಲಿಡಿಯಾರ್ಡ್ ಶಿಷ್ಯರಿಗೆ ಎರಡು ಚಿನ್ನ ಬಂತು. 800 ಮೀಟರ್‌ನಲ್ಲಿ ಸ್ನೆಲ್, 5000 ಮೀಟರ್‌ನಲ್ಲಿ ಮರ್ರೆ ಹಾಲ್ಬರ್ಗ್. ಮ್ಯಾರಥಾನಿನಲ್ಲಿ ಮೂರನೆಯವರಾಗಿ ಬಂದ ಬ್ಯಾರಿ ಮ್ಯಾಗಿಯೂ ಅವರ ಶಿಷ್ಯರೇ. ಅದಾದ ಕೆಲವೇ ವರ್ಷಗಳಲ್ಲಿ ಲಿಡಿಯಾರ್ಡ್ ಅದೇ ನಿಧಾನದ ಓಟವನ್ನು ಹೃದಯಾಘಾತದಿಂದ ಚೇತರಿಸಿಕೊಂಡ ನಡುವಯಸ್ಸಿನವರಿಗೂ ಕಲಿಸಿದರು. ಜಾಗಿಂಗ್ ಅನ್ನುವುದು ಮನೆಮಾತಾದದ್ದು ಅಲ್ಲಿಂದಲೇ. ಒಲಿಂಪಿಕ್ಸ್ ಚಿನ್ನಕ್ಕೂ ಹೃದ್ರೋಗಿಯ ಚೇತರಿಕೆಗೂ ಒಂದೇ ತಳಪಾಯ ಹಾಕಿದ ಲಿಡಿಯಾರ್ಡ್ ಅವರ ಮೇಲೆ ನನಗೆ ಬಹಳ ಗೌರವ.

ಕೇಳುಗರೇ, ವೇಗದ ಮಾತು ಆಯಿತು. ಮಾತಾಡಲು ಉಸಿರು ಉಳಿಯುವಂತೆ ಓಡಬೇಕು. ಇನ್ನು ಅವಧಿಯ ಮಾತು. ಎಷ್ಟು ತಿಂಗಳು ಬೇಕು?

ಈಗಾಗಲೇ ನಿಲ್ಲದೆ 5 ಕಿಲೋಮೀಟರ್ ಓಡಬಲ್ಲವರಿಗೆ ಐದಾರು ತಿಂಗಳು. ಏನೂ ಓಡಿ ಅಭ್ಯಾಸ ಇಲ್ಲದವರಿಗೆ ಒಂದು ವರ್ಷ. ಮೊದಲು 10 ಕಿಲೋಮೀಟರ್, ಆಮೇಲೆ ಹಾಫ್ ಅಂದರೆ 21 ಕಿಲೋಮೀಟರ್, ಆಮೇಲೆ ಫುಲ್. ನಮ್ಮ ರಾಜ್ಯದವರು ಅನೇಕರು ಮೊದಲ ಮ್ಯಾರಥಾನಿಗೆ ಮುಂಬಯಿಗೆ ಹೋಗುತ್ತಾರೆ. 2004ರಲ್ಲಿ ಶುರುವಾದ ಆ ಓಟ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಶುರುವಿನಲ್ಲೇ ತಯಾರಿ ಆರಂಭವಾಗಬೇಕು. ನವೆಂಬರಿನಲ್ಲಿ ಎಚ್ಚೆತ್ತು ಡಿಸೆಂಬರಿನಲ್ಲಿ ಮೈ ಹಣ್ಣು ಮಾಡಿಕೊಳ್ಳುವವರು ತುಂಬ ಇದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಇಷ್ಟು ತಿಂಗಳು ಯಾಕೆ ಅಂತ ಕೇಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓಡುವವರಿಗೆ ಆಗುವ ಪೆಟ್ಟುಗಳಲ್ಲಿ ಹೆಚ್ಚಿನವು ಇದನ್ನು ತಿಳಿಯದೆ ಆಗುವಂಥವು. ನಮ್ಮ ಮೈಯ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಪಾಠ ಕಲಿಯುವುದಿಲ್ಲ. ಎಲ್ಲಕ್ಕಿಂತ ಮೊದಲು ಕಲಿಯುವುದು ಹೃದಯ ಮತ್ತು ಉಸಿರು. ಮೂರು ನಾಲ್ಕು ವಾರದಲ್ಲೇ ಏದುಸಿರು ಕಡಿಮೆಯಾಗುತ್ತದೆ. ಸ್ನಾಯು ಕಲಿಯಲು ಒಂದೆರಡು ತಿಂಗಳು. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳಿಗೆ ಇನ್ನೂ ಹೆಚ್ಚು ಕಾಲ ಬೇಕು, ಅಲ್ಲಿ ರಕ್ತದ ಓಡಾಟ ಕಡಿಮೆ. ಮೂಳೆಯದ್ದು ಬೇರೆಯೇ ರೀತಿ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಗಟ್ಟಿಯಾದ ಹೊಸದನ್ನು ಕಟ್ಟುತ್ತದೆ. ಈ ಎರಡರ ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ದುರ್ಬಲ.

ಈಗ ಎರಡನೇ ತಿಂಗಳನ್ನು ಊಹಿಸಿಕೊಳ್ಳಿ. ಉಸಿರು ಹಗುರವಾಗಿದೆ. ಮನಸ್ಸಿಗೆ ಹುರುಪು. ಇವತ್ತು ಇನ್ನೂ ಐದು ಕಿಲೋಮೀಟರ್ ಓಡಿಬಿಡೋಣ ಅನ್ನಿಸುತ್ತದೆ. ಆದರೆ ಮೊಣಕಾಲಿನ ಕೆಳಗಿನ ಮೂಳೆ ಇನ್ನೂ ತಯಾರಾಗಿಲ್ಲ. ಹಿಮ್ಮಡಿಯ ರಜ್ಜು ತಯಾರಾಗಿಲ್ಲ. ಕಾಲಿನ ಮುಂಭಾಗದಲ್ಲಿ ನೋವು ಶುರುವಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಚೆನ್ನಾಗಿ ಓಡುತ್ತಿದ್ದವರು ಈ ಹಂತದಲ್ಲಿ ಎರಡು ತಿಂಗಳು ಮನೆಯಲ್ಲಿ ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಹಳ ಸಂಕಟವಾಗುತ್ತದೆ. ಆದ್ದರಿಂದ ಉಸಿರು ಹೇಳುವ ಮಾತನ್ನಷ್ಟೇ ನಂಬಬೇಡಿ. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಏರಿಸುವುದು ಓಟಗಾರರ ರೂಢಿ. ಪ್ರತಿ ನಾಲ್ಕನೇ ವಾರ ಏರಿಸುವ ಬದಲು ಇಳಿಸಿ. ಮೂಳೆ ಕಟ್ಟಿಕೊಳ್ಳುವುದು ಆ ವಾರದಲ್ಲಿ.

ನೋವಿನ ಬಗ್ಗೆ ಇಲ್ಲೇ ಒಂದು ಮಾತು. ಎರಡೂ ತೊಡೆ ಸಮನಾಗಿ ಬಿಗಿದುಕೊಂಡಂತೆ ನೋಯುತ್ತಿದ್ದರೆ ಅದು ದಣಿವು, ಒಂದೆರಡು ದಿನಕ್ಕೆ ಹೋಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು ಇದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ. ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಆ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದವರು ಶುರು ಮಾಡುವ ಮೊದಲೇ ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ. ಹೆಣ್ಣುಮಕ್ಕಳು ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡಿಸಿ. ನಮ್ಮಲ್ಲಿ ರಕ್ತಹೀನತೆ ತೀರ ಸಾಮಾನ್ಯ. ಎಷ್ಟು ಓಡಿದರೂ ಸುಸ್ತು ಹೋಗದೆ "ನನ್ನಿಂದ ಆಗಲ್ಲ" ಅಂದುಕೊಳ್ಳುವ ಎಷ್ಟೋ ಹೆಣ್ಣುಮಕ್ಕಳಿಗೆ ಬೇಕಾಗಿರುವುದು ಕಬ್ಬಿಣದ ಅಂಶ.

ಹೆಂಗಸರ ಮಾತು ಬಂತು. ಇಷ್ಟು ದೂರ ಓಡುವುದು ಹೆಂಗಸರ ಮೈಗೆ ಆಗದು ಅಂತ ಬಹಳ ಕಾಲ ನಂಬಿದ್ದರು. ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ 1966ರಲ್ಲಿ ಬಾಬಿ ಗಿಬ್ ಎಂಬಾಕೆ ಹೊರಡುವ ಜಾಗದ ಹತ್ತಿರ ಪೊದೆಯ ಮರೆಯಲ್ಲಿ ಕಾದಿದ್ದು, ನಂಬರ್ ಚೀಟಿ ಇಲ್ಲದೆಯೇ ಗುಂಪಿಗೆ ಸೇರಿಕೊಂಡು ಓಡಿ ಮುಗಿಸಿದರು. ಮರುವರ್ಷ ನಂಬರ್ ಹಾಕಿಕೊಂಡು ಓಡುತ್ತಿದ್ದ ಕ್ಯಾಥ್ರಿನ್ ಸ್ವಿಟ್ಜರ್ ಅವರನ್ನು ಅಧಿಕಾರಿಯೊಬ್ಬರು ದಾರಿಯಲ್ಲೇ ಹಿಡಿದು ಎಳೆಯಲು ನೋಡಿದರು. ಅವರೂ ಓಡಿ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಗಂಡಸರಿಗೆ ಸಿಕ್ಕಿ 88 ವರ್ಷ ಆದ ಮೇಲೆ. ನಮ್ಮಲ್ಲಿ ನಸುಕಿನ ಕತ್ತಲೆಯಲ್ಲಿ ಹೆಣ್ಣುಮಗಳೊಬ್ಬಳು ಒಬ್ಬಳೇ ಓಡುವುದು ಇವತ್ತಿಗೂ ಸುಲಭವಲ್ಲ. ನಾಲ್ಕು ಜನ ಸೇರಿ ಓಡಿ. ಮನೆಯ ಗಂಡಸರು ಒಂದು ಕೆಲಸ ಮಾಡಬಹುದು. ಭಾನುವಾರದ ತಿಂಡಿ ನೀವು ಮಾಡಿ.

ಈಗ ವಾರದ ಲೆಕ್ಕ. ಇದುವರೆಗಿನ ಮಾತಿನಿಂದ ಎರಡು ವಿಷಯ ನೆನಪಿಟ್ಟುಕೊಳ್ಳಿ. ಓಡುವಾಗ ಮಾತು ಬರಬೇಕು. ದೂರವನ್ನು ತಿಂಗಳುಗಟ್ಟಲೆ ಹಿಡಿದು, ಸ್ವಲ್ಪ ಸ್ವಲ್ಪ ಏರಿಸಬೇಕು.

ವಾರಕ್ಕೆ ನಾಲ್ಕು ದಿನ ಓಟ ಸಾಕು. ಮೂರು ದಿನ ಚಿಕ್ಕ ಓಟ, ಐದರಿಂದ ಎಂಟು ಕಿಲೋಮೀಟರ್. ಒಂದು ದಿನ ಉದ್ದದ ಓಟ, ಓಟಗಾರರು ಹೇಳುವ ಲಾಂಗ್ ರನ್. ಉಳಿದ ದಿನಗಳಲ್ಲಿ ಎರಡು ದಿನ ಕಾಲಿಗೆ ಬಲ ತರುವ ಕಸರತ್ತು. ಅದಕ್ಕೆ ಜಿಮ್ ಹುಡುಕಬೇಕಿಲ್ಲ. ಗರಡಿಮನೆಯ ಬಸ್ಕಿ ಇದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಎತ್ತಿ ಇಳಿಸುವುದು ಇದೆ. ಒಂದು ದಿನ ಪೂರ್ತಿ ವಿಶ್ರಾಂತಿ, ಅದೂ ತಯಾರಿಯ ಭಾಗವೇ.

ಲಾಂಗ್ ರನ್ ಮಾತ್ರ ತಪ್ಪಿಸಬೇಡಿ. ಹತ್ತು ಕಿಲೋಮೀಟರಿನಿಂದ ಶುರು. ಆಮೇಲೆ 12, ಆಮೇಲೆ 14. ನಾಲ್ಕನೇ ವಾರ ಮತ್ತೆ 10. ಹೀಗೆ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಮ್ಯಾರಥಾನಿಗೆ ಮೂರು ವಾರ ಇರುವಾಗ 30 ಕಿಲೋಮೀಟರ್ ಮುಟ್ಟಿದರೆ ಸಾಕು. "42 ಓಡಿ ನೋಡದೆ 42ಕ್ಕೆ ಹೋಗುವುದು ಹೇಗೆ" ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಸಲದವರು 30ರ ಮೇಲೆ ಓಡಿದರೆ ಸುಧಾರಿಸಿಕೊಳ್ಳಲು ವಾರಗಟ್ಟಲೆ ಬೇಕು, ಲಾಭ ಕಡಿಮೆ. ಉಳಿದ 12 ಕಿಲೋಮೀಟರಿಗೆ ಅಷ್ಟು ತಿಂಗಳಿನ ಅಭ್ಯಾಸವೇ ಆಸರೆ.

ದಾರಿ ಮಣ್ಣಿನದಾದರೆ ಒಳ್ಳೆಯದು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನ ಕಡೆ ನಾಲೆಯ ಏರಿ ಇದೆ. ಒಂದು ಕಡೆ ಹರಿಯುವ ನೀರು, ಇನ್ನೊಂದು ಕಡೆ ಗದ್ದೆ, ಕಾಲಿನ ಕೆಳಗೆ ಮೆತ್ತನೆಯ ಮಣ್ಣು. ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುವುದು ಆ ದಾರಿಯಲ್ಲೇ. ಅಲ್ಲಿ ನೆರಳು ಕಡಿಮೆ, ಹೊತ್ತೇರಿದರೆ ಬಿಸಿಲು ಸುಡುತ್ತದೆ. ಅದನ್ನೂ ಹೇಳಿಬಿಡಬೇಕು.

ನಡುನಡುವೆ ನಡೆಯಬಹುದೇ? ಧಾರಾಳವಾಗಿ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಓಡಿದ ಜೆಫ್ ಗ್ಯಾಲೋವೆ ಸಾವಿರಾರು ಜನರಿಗೆ ಕಲಿಸಿದ್ದು ಇದನ್ನೇ. ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ. ಆದರೆ ಸುಸ್ತಾದ ಮೇಲೆ ನಡೆಯುವುದಲ್ಲ, ಮೊದಲ ಕಿಲೋಮೀಟರಿನಿಂದಲೇ ನಡೆಯಬೇಕು. ಹೊತ್ತು ಹೆಚ್ಚಾದೀತು ಅನ್ನುವ ಚಿಂತೆ ಬೇಡ. ಪಂಜಾಬಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ 2000ನೇ ಇಸವಿಯಲ್ಲಿ ತಮ್ಮ ಮೊದಲ ಮ್ಯಾರಥಾನ್ ಮುಗಿಸಿದಾಗ ವಯಸ್ಸು ತೊಂಬತ್ತರ ಹತ್ತಿರ. ತೆಗೆದುಕೊಂಡದ್ದು ಸುಮಾರು ಏಳು ಗಂಟೆ.

ಶೂ ಬಗ್ಗೆ ಚುಟುಕಾಗಿ. ಕಾಲು ಓಡುತ್ತ ಊದಿಕೊಳ್ಳುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರಲಿ, ಇಲ್ಲವಾದರೆ ಉಗುರು ಕಪ್ಪಾಗಿ ಉದುರುತ್ತದೆ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮ್ ನಗರದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದದ್ದು ನಿಜ. ಅವರ ಅಂಗಾಲು ಬರಿಗಾಲ ಓಟಕ್ಕೆ ಪಳಗಿತ್ತು. ಆಫೀಸಿನ ಶೂ ಒಳಗೆ ಮೆತ್ತಗಾದ ಕಾಲಿಗೆ ಏಕಾಏಕಿ ಅದು ಆಗದು. ತೊಡೆಯ ಸಂದು, ಕಂಕುಳು, ಬಟ್ಟೆ ಉಜ್ಜುವ ಜಾಗಕ್ಕೆಲ್ಲ ವ್ಯಾಸಲೀನ್ ಹಚ್ಚಿ.

ವೇಗ, ಅವಧಿ, ವಾರದ ಓಟ ಇಷ್ಟು ಆಯಿತು. ಇನ್ನು ಹೊಟ್ಟೆ.

ನಮ್ಮ ಊಟ ಓಟಗಾರರಿಗೆ ಹೇಳಿ ಮಾಡಿಸಿದಂಥದ್ದು. ಅನ್ನ, ರಾಗಿ, ಜೋಳ, ಬೇಳೆ, ಮೊಸರು. ಪರದೇಶದ ಪುಡಿ ಡಬ್ಬಿಗಳಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಓಡುವ ಮುಂಚೆ ಎರಡು ಇಡ್ಲಿ ಅಥವಾ ಒಂದೆರಡು ಬಾಳೆಹಣ್ಣು. ಒಂದೂವರೆ ಗಂಟೆ ಮೀರಿದ ಓಟಕ್ಕೆ ದಾರಿಯಲ್ಲೂ ತಿನ್ನಬೇಕು. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಖರ್ಜೂರ ಆಗಬಹುದು, ಬೆಲ್ಲದ ಚೂರು ಆಗಬಹುದು. ಹಸಿವಾದ ಮೇಲೆ ತಿಂದರೆ ತಡವಾಯಿತು. ಮೊದಲ ಮುಕ್ಕಾಲು ಗಂಟೆಯಿಂದಲೇ ಶುರು ಮಾಡಿ. ಓಡುತ್ತ ತಿನ್ನುವುದನ್ನು ಹೊಟ್ಟೆಗೂ ಕಲಿಸಬೇಕು, ಲಾಂಗ್ ರನ್ ಇರುವುದು ಅದಕ್ಕೂ ಹೌದು. ಅಲ್ಲಿ ತಿಂದು ನೋಡದ ಯಾವುದನ್ನೂ ಮ್ಯಾರಥಾನ್ ದಿನ ಬಾಯಿಗೆ ಹಾಕಬೇಡಿ.

ನೀರಿನ ವಿಷಯ ಗಮನವಿಟ್ಟು ಕೇಳಿ. ನೀರು ಕಡಿಮೆಯಾದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅಪಾಯ ಅಂತ ಗೊತ್ತಿಲ್ಲ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ ಸುಮಾರು 500 ಜನರ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ 13 ಜನರಲ್ಲಿ ಉಪ್ಪಿನ ಅಂಶ, ಅಂದರೆ ಸೋಡಿಯಂ, ಇರಬೇಕಾದ್ದಕ್ಕಿಂತ ಕೆಳಗೆ ಇಳಿದಿತ್ತು. ಓಟದ ಮುಂಚಿಗಿಂತ ಮುಗಿದ ಮೇಲೆ ತೂಕ ಹೆಚ್ಚಿದವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರಲ್ಲಿ ಇದು ಹೆಚ್ಚು. ಪ್ರತಿ ನೀರಿನ ಮೇಜಿನ ಹತ್ತಿರ ನಿಂತು ಲೋಟಗಟ್ಟಲೆ ಕುಡಿದವರು ಅವರು. ತಲೆನೋವು, ವಾಕರಿಕೆ, ಗಲಿಬಿಲಿ ಬರುತ್ತದೆ, ಮಿತಿಮೀರಿದರೆ ಜೀವಕ್ಕೇ ಅಪಾಯ. ಮೊದಲ ಸಲ ಓಡುವವರಲ್ಲಿ ಹೆಚ್ಚಿನವರು ನಾಲ್ಕು ಗಂಟೆ ಮೀರುವವರೇ. ಆದ್ದರಿಂದ ಬಾಯಾರಿದಾಗ ಕುಡಿಯಿರಿ, ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರಿನ ಜೊತೆಗೆ ಓಆರ್‌ಎಸ್ ಕೂಡ ಇರಲಿ. ಲಾಂಗ್ ರನ್‌ಗೆ ಮುಂಚೆ ಮತ್ತು ಆಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಗಾಬರಿ ಬೇಡ. ಏರಿದ್ದರೆ ಕುಡಿದದ್ದು ಹೆಚ್ಚಾಯಿತು.

ಕೊನೆಯ ಮೂರು ವಾರಕ್ಕೆ ಬಂದೆವು. ಇಲ್ಲಿ ಕೆಲಸ ಕಡಿಮೆ ಮಾಡುವುದೇ ಕೆಲಸ. ದೂರವನ್ನು ಮೊದಲು ಮುಕ್ಕಾಲಿಗೆ, ಆಮೇಲೆ ಅರ್ಧಕ್ಕೆ, ಕೊನೆಯ ವಾರ ಇನ್ನೂ ಕೆಳಗೆ ಇಳಿಸಿ. ಆ ದಿನಗಳಲ್ಲಿ ಏನೋ ತಪ್ಪುತ್ತಿದೆ ಅನ್ನಿಸುತ್ತದೆ. ಇಲ್ಲದ ನೋವುಗಳು ಕಾಣಿಸಿಕೊಳ್ಳುತ್ತವೆ. ಬಿಟ್ಟುಹೋದ ಓಟವನ್ನು ಈಗ ತುಂಬಿಸಿಕೊಳ್ಳೋಣ ಅನ್ನುವ ಆಸೆ ಬರುತ್ತದೆ. ಅದಕ್ಕೆ ಕಿವಿಗೊಡಬೇಡಿ. ನಿದ್ದೆ ಮಾಡಿ. ಕೊನೆಯ ಎರಡು ಮೂರು ದಿನ ಅನ್ನದ ಪಾಲು ಸ್ವಲ್ಪ ಹೆಚ್ಚಿಸಿ, ಎಣ್ಣೆ, ಖಾರ, ಹಸಿ ತರಕಾರಿ ಕಡಿಮೆ ಮಾಡಿ.

ಓಟದ ದಿನ. ಮುಂಬಯಿಗೆ ಹೋದಿರಿ ಅಂತ ಇಟ್ಟುಕೊಳ್ಳಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ನಮ್ಮದು ತಂಪು ಗಾಳಿ. ಮುಂಬಯಿ ಕಡಲ ತೀರ. ಜನವರಿಯಲ್ಲೂ ಅಲ್ಲಿ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಇಲ್ಲಿ ಕಿಲೋಮೀಟರಿಗೆ ಏಳು ನಿಮಿಷದಲ್ಲಿ ಹಾಯಾಗಿ ಓಡಿದವರು ಅಲ್ಲಿ ಏಳೂವರೆಯಿಂದ ಶುರು ಮಾಡಬೇಕು. ಸಾವಿರಾರು ಜನ, ಬ್ಯಾಂಡು, ಚಪ್ಪಾಳೆ. ಮೈಯಲ್ಲಿ ಕರೆಂಟ್ ಹರಿದಂತಾಗುತ್ತದೆ. ಮೊದಲ ಹತ್ತು ಕಿಲೋಮೀಟರ್ ತೀರ ಸುಲಭ ಅನ್ನಿಸುತ್ತದೆ. ಅಥೆನ್ಸಿನಲ್ಲಿ ಲೆರ್ಮುಸಿಯೊಗೂ ಹಾಗೆಯೇ ಅನ್ನಿಸಿರಬೇಕು. ಪಕ್ಕದವರ ಜೊತೆ ಮಾತಾಡಿ. ಊರು ಯಾವುದು ಕೇಳಿ. ವಾಕ್ಯ ತುಂಡಾಗುತ್ತಿದೆಯೇ ನೋಡಿಕೊಳ್ಳಿ. ದೂರವನ್ನು 42 ಅಂತ ಎಣಿಸಬೇಡಿ. 30 ಕಿಲೋಮೀಟರ್ ಒಂದು ಲಾಂಗ್ ರನ್, ಅದು ನಿಮಗೆ ಗೊತ್ತಿರುವ ಓಟ. ಆಮೇಲಿನ 12 ಕಿಲೋಮೀಟರ್ ಬೇರೆ ಓಟ. ಅಲ್ಲಿ ಒಂದು ನೀರಿನ ಮೇಜಿನಿಂದ ಇನ್ನೊಂದಕ್ಕೆ, ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಹೋದರೆ ಸಾಕು. ಈ ಹಂತದಲ್ಲಿ ಏರು ಬರಬಹುದು. ಅದನ್ನು ನಡೆದೇ ಹತ್ತಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಬಿಸಿಲಲ್ಲಿ ಚಳಿ ಹತ್ತಿದರೆ ಮಾತ್ರ ಹಟ ಬೇಡ, ಹತ್ತಿರದ ವೈದ್ಯರ ತಂಡದ ಕಡೆ ಹೋಗಿ.

ಗುರಿ ದಾಟಿದ ಮೇಲೆ ಕೂಡಲೇ ಕೂರಬೇಡಿ, ಕಾಲಿನಲ್ಲಿ ರಕ್ತ ನಿಂತು ತಲೆ ಸುತ್ತುತ್ತದೆ. ಹತ್ತು ನಿಮಿಷ ಮೆಲ್ಲಗೆ ನಡೆದಾಡಿ. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಒಂದು ಗಂಟೆಯೊಳಗೆ ಅನ್ನ ಸಾರು ಏನಾದರೂ ತಿನ್ನಿ. ಮರುದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕಂಬಿ ಹಿಡಿದುಕೊಂಡು ಇಳಿಯಿರಿ. ಒಂದು ವಾರ ಬರೀ ನಡಿಗೆ. ಹದಿನೈದು ದಿನ ಆದ ಮೇಲೆ ಅರ್ಧ ಗಂಟೆಯ ಓಟದಿಂದ ಮತ್ತೆ ಶುರು ಮಾಡಬಹುದು. ಮುಂದಿನ ಮ್ಯಾರಥಾನಿಗೆ ಹೆಸರು ಕೊಡುವ ಯೋಚನೆಯನ್ನು ಕನಿಷ್ಠ ಒಂದು ತಿಂಗಳು ಮುಂದೂಡಿ.